ಹೇನು ಕೋಳಿಯ ಮೈಯಲ್ಲಿಲ್ಲ, ಗೂಡಿನ ಕಲ್ಲಿನಲ್ಲಿದೆ

ಪ್ರಶ್ನೆ: ನಮ್ಮ ಮನೆ ಉಡುಪಿಯ ಹಿರಿಯಡ್ಕದ ಹತ್ತಿರ. 14 ಕೋಳಿಗಳಿವೆ. 11 ಊರ ಕೋಳಿ, 3 ಗಿರಿರಾಜ. ಮುರಕಲ್ಲಿನಿಂದ ಕಟ್ಟಿ ಮೇಲೆ ಹಂಚು ಹಾಕಿದ ಗೂಡು, ಹಟ್ಟಿಗೆ ತಾಗಿಕೊಂಡೇ ಇದೆ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ, ಎರಡು ಹೇಂಟೆಗಳನ್ನು ಕಾವಿಗೆ ಕೂರಿಸಿದ್ದೆವು. ಒಂದು ಮೊಟ್ಟೆಯ ಮೇಲೆಯೇ ಸತ್ತಿತು. ಇನ್ನೊಂದು 12ನೇ ದಿನ ಎದ್ದು ಹೋಯಿತು, ಮತ್ತೆ ಕೂರಲಿಲ್ಲ. ಈಗ ಉಳಿದವು ಸಂಜೆ ಗೂಡಿಗೆ ಹೋಗಲು ಕೇಳುವುದಿಲ್ಲ, ಹಲಸಿನ ಮರ ಹತ್ತುತ್ತವೆ. ಮೊಟ್ಟೆ ಅರ್ಧಕ್ಕೆ ಇಳಿದಿದೆ. ಹಗಲು ಹಿಡಿದು ಪುಕ್ಕ ಬಿಡಿಸಿ ನೋಡಿದರೆ ಏನೂ ಕಾಣುವುದಿಲ್ಲ. ಆದರೆ ಮೊಟ್ಟೆ ತೆಗೆಯಲು ಗೂಡಿಗೆ ಕೈ ಹಾಕಿದರೆ ಮೈಮೇಲೆಲ್ಲ ಹರಿದಾಡಿದ ಹಾಗಾಗುತ್ತದೆ. ಮಗನ ಕೈ, ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಎದ್ದಿದೆ. ಒಂದು ಹುಂಜದ ಕಾಲು ಸುಣ್ಣ ಮೆತ್ತಿದ ಹಾಗೆ ದಪ್ಪವಾಗಿದೆ. ಅತ್ತೆ ಬೂದಿ ಹಾಕಿದರೆ ಸಾಕು ಎನ್ನುತ್ತಾರೆ. ನಮ್ಮ ಯಜಮಾನರು ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣ ಗೂಡಿಗೂ ಹೊಡೆದರು, ಏನೂ ಆಗಲಿಲ್ಲ. ಪಕ್ಕದ ಮನೆಯವರು ದನಕ್ಕೆ ಉಣುಗಿಗೆ ಕೊಡುವ ಇಂಜೆಕ್ಷನ್‌ ಔಷಧಿಯನ್ನು ಕೋಳಿಯ ಬಾಯಿಗೆ ಎರಡು ಹನಿ ಬಿಡಿ ಎಂದರು. ಗೊಬ್ಬರದಂಗಡಿಯಿಂದ ಒಂದು ಬಾಟಲಿ ತಂದಿಟ್ಟಿದ್ದೇವೆ, ಹೊಡೆಯಲು ಹೆದರಿಕೆ. ಯಾವುದು ಸರಿ? ಮೊಟ್ಟೆ ತಿನ್ನಬಹುದಾ? ಗೂಡನ್ನೇ ಕೆಡವಬೇಕಾ? ಮಗನಿಗೆ ಇದು ಅಂಟಿಕೊಳ್ಳುತ್ತದಾ?

ಉತ್ತರ: ನೀವು ಕೊನೆಗೆ ಕೇಳಿದ್ದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮಗನ ಗುಳ್ಳೆ.

ನಿಮ್ಮ ಗೂಡಿನಲ್ಲಿರುವ ಹುಳ ಒಂದು ಜಾತಿಯ ನುಸಿ. ಅದು ಮನುಷ್ಯರನ್ನು ಕಚ್ಚುತ್ತದೆ, ಆದರೆ ನಮ್ಮ ಮೈಯಲ್ಲಿ ಸಂಸಾರ ಹೂಡುವುದಿಲ್ಲ. ಅದಕ್ಕೆ ಬೇಕಾದದ್ದು ಹಕ್ಕಿಯ ರಕ್ತ. ಕೈ ಹಾಕಿದಾಗ ಹತ್ತುತ್ತದೆ, ನಾಲ್ಕು ಕಡೆ ಕಚ್ಚಿ ನೋಡುತ್ತದೆ, ತುರಿಕೆ ಎಬ್ಬಿಸುತ್ತದೆ. ತಲೆಹೇನಿನ ಹಾಗೆ ಮಗನಿಂದ ಮಗಳಿಗೆ ಹರಡುವುದಿಲ್ಲ. ಗೂಡಿನ ಕೆಲಸ ಮುಗಿಯುವವರೆಗೆ ಮೊಟ್ಟೆ ತೆಗೆಯಲು ಅವನನ್ನು ಕಳಿಸಬೇಡಿ. ನೀವು ಗೂಡಿಗೆ ಕೈ ಹಾಕಿ ಬಂದರೆ ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಗುಳ್ಳೆ ಕೀವು ಕಟ್ಟಿದರೆ, ಅಥವಾ ಬೆರಳ ಸಂದಿನಲ್ಲಿ ತುರಿಕೆ ಶುರುವಾಗಿ ಮನೆಯವರಿಗೆಲ್ಲ ಬಂದರೆ, ಡಾಕ್ಟರಿಗೆ ತೋರಿಸಿ. ತೋರಿಸುವಾಗ "ಮನೆಯಲ್ಲಿ ಕೋಳಿ ಇದೆ" ಎಂಬ ಮಾತನ್ನು ಮರೆಯದೆ ಹೇಳಿ. ತಿಂಗಳುಗಟ್ಟಲೆ ಕಜ್ಜಿಯ ಮುಲಾಮು ಹಚ್ಚಿಕೊಂಡ ಒಂದು ಸಂಸಾರ ನನಗೆ ಗೊತ್ತು. ಆ ಮನೆಯ ಮಲಗುವ ಕೋಣೆಯ ಕಿಟಕಿಯ ಹೊರಗೇ ಕಾವಿನ ಹೆಡಿಗೆ ನೇತಾಡುತ್ತಿತ್ತು. ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ.

ಮಂಗನ ಕಾಯಿಲೆ ತರುವ ಉಣುಗು ಇದೇನಾ ಎಂದು ನಮ್ಮ ಕಡೆ ಜನ ಕೇಳುವುದುಂಟು. ಅಲ್ಲ. ಅದು ಕಾಡಿನ ಉಣುಗು, ಜಾತಿಯೇ ಬೇರೆ.

ಈಗ ಕೋಳಿಯ ವಿಷಯ. ಹಗಲು ಹುಡುಕಿದರೆ ಮೈಯಲ್ಲಿ ಏನೂ ಇಲ್ಲ, ಆದರೂ ಕೋಳಿ ಬಡವಾಗುತ್ತಿದೆ ಎಂದು ನಿಮಗೆ ಗೊಂದಲ. ನನಗೆ ಅರ್ಧ ಉತ್ತರ ಸಿಕ್ಕಿದ್ದೇ ಅಲ್ಲಿ. ಹಗಲು ಕಾಣದೆ ರಾತ್ರಿ ಕಾಡುವುದು ಒಂದು ನಿರ್ದಿಷ್ಟ ಹುಳದ ನಡತೆ.

ನಮ್ಮ ಜನರ ಬಾಯಲ್ಲಿ ಎಲ್ಲವೂ ಕೋಳಿಹೇನು. ತುಳುವಿನಲ್ಲೂ ಪೇನ್ ಎಂದರೆ ಮುಗಿಯಿತು. ಆದರೆ ಮೈಯಲ್ಲಿರುವ ಹೇನಿಗೆ ಮಾಡುವ ಉಪಚಾರ ಗೂಡಿನಲ್ಲಿರುವ ನುಸಿಗೆ ತಾಗುವುದಿಲ್ಲ. ನಿಜವಾದ ಹೇನು ಒಣಹುಲ್ಲಿನ ಬಣ್ಣದ್ದು, 2–3 ಮಿ.ಮೀ. ಉದ್ದ. ಹಗಲಲ್ಲೂ ಕೋಳಿಯ ಮೈಯಲ್ಲೇ ಇರುತ್ತದೆ. ಬಾಲದಡಿ ಪುಕ್ಕ ಸರಿಸಿದರೆ ಸರಸರ ಓಡುತ್ತದೆ, ಪುಕ್ಕದ ಬುಡದಲ್ಲಿ ಬಿಳಿ ಮೊಟ್ಟೆಗಳ ಗೊಂಚಲು ಕಾಣುತ್ತದೆ. ಕೋಳಿಯಿಂದ ಕೆಳಗೆ ಬಿದ್ದರೆ ವಾರದೊಳಗೆ ಸಾಯುತ್ತದೆ. ನಿಮ್ಮಲ್ಲಿರುವುದು ಅದಲ್ಲ.

ನಿಮ್ಮದು ನುಸಿ. ಪಶುವೈದ್ಯರು ಕೆಂಪು ನುಸಿ ಎನ್ನುತ್ತಾರೆ, ಡರ್ಮನಿಸಸ್ ಗ್ಯಾಲಿನೆ ಎಂಬ ಹೆಸರು ಅದಕ್ಕೆ. ಎಂಟು ಕಾಲು, ಅಂದರೆ ಹೇನಿಗಿಂತ ಜೇಡಕ್ಕೆ ಹತ್ತಿರದ ನೆಂಟ. ತೆಂಗಿನಕಾಯಿಗೆ ನುಸಿ ಬಂದಿತ್ತಲ್ಲ, ಅದೂ ಇದೇ ದೊಡ್ಡ ಕುಲದ್ದು. ಅಳತೆ 1 ಮಿ.ಮೀ. ಒಳಗೆ. ಹಸಿದಾಗ ಬೂದುಬಣ್ಣ, ರಕ್ತ ಕುಡಿದಾಗ ಕೆಂಪು. ಹಗಲಿಡೀ ಗೂಡಿನ ಸಂದಿನಲ್ಲಿ ಮಲಗಿರುತ್ತದೆ. ಕತ್ತಲಾದ ಮೇಲೆ ಗುಂಪಾಗಿ ಹೊರಟು ಕೋಳಿಯ ಕಾಲು ಹತ್ತಿ, ಅರ್ಧ ಮುಕ್ಕಾಲು ಗಂಟೆ ರಕ್ತ ಹೀರಿ, ಮತ್ತೆ ಸಂದಿಗೆ ಇಳಿದುಬಿಡುತ್ತದೆ. ನೀವು ಬೆಳಿಗ್ಗೆ ಕೋಳಿ ಹಿಡಿಯುವ ಹೊತ್ತಿಗೆ ಕಳ್ಳ ಮನೆಗೆ ಹೋಗಿ ಮಲಗಿಯಾಗಿದೆ.

ಕೋಳಿಗಳು ಹಲಸಿನ ಮರ ಹತ್ತಿದ್ದು ಅದಕ್ಕೇ. ಅವಕ್ಕೆ ನಮಗಿಂತ ಮೊದಲು ಗೊತ್ತಾಗಿದೆ.

ಕಾವಿನ ಹೇಂಟೆ ಸತ್ತ ಕಾರಣವೂ ಬಹುಶಃ ಇದೇ. ಅದು 21 ದಿನ ಕೂರಬೇಕು. ದಿನಕ್ಕೆ ಒಂದು ಸಲ ಎದ್ದು ಅವಸರದಲ್ಲಿ ನಾಲ್ಕು ಕಾಳು ತಿಂದು ಬರುತ್ತದೆ, ಮಣ್ಣಿನಲ್ಲಿ ಹೊರಳಾಡಲೂ ಪುರಸೊತ್ತಿಲ್ಲ. ಅದರ ಹೊಟ್ಟೆಯ ಅಡಿಯಲ್ಲಿ ಯಾವಾಗಲೂ ಕತ್ತಲೆ, ಯಾವಾಗಲೂ ಬಿಸಿ. ನುಸಿಗೆ ಅಲ್ಲಿ ಹಗಲೆಂಬುದೇ ಇಲ್ಲ. ರಕ್ತ ಇಳಿದು ಇಳಿದು ಒಂದು ದಿನ ತಲೆ ಚೆಲ್ಲುತ್ತದೆ. ಸತ್ತ ಕೋಳಿಯ ಜುಟ್ಟು ಬಿಳಿಚಿಕೊಂಡಿತ್ತಾ ನೆನಪು ಮಾಡಿಕೊಳ್ಳಿ. ಎದ್ದು ಹೋದ ಇನ್ನೊಂದನ್ನು ಬೈಯಬೇಡಿ, ಅದು ಜೀವ ಉಳಿಸಿಕೊಂಡಿತು.

ಇನ್ನೊಂದು ಜಾತಿಯ ನುಸಿಯೂ ಬಿಸಿನಾಡುಗಳಲ್ಲಿ ಇದೆ. ಅದು ಹಗಲಲ್ಲೂ ಕೋಳಿಯ ಬಾಲದ ಬುಡದಲ್ಲೇ ಇರುತ್ತದೆ, ಅಲ್ಲಿಯ ಪುಕ್ಕ ಮಸಿ ಬಳಿದ ಹಾಗೆ ಕಪ್ಪಾಗುತ್ತದೆ. ಕಾವಿನ ಹೆಡಿಗೆಯಲ್ಲೂ ಮುತ್ತುತ್ತದೆ. ಪಾರಿವಾಳ, ಗೊರವಂಕಗಳ ಗೂಡಿನಿಂದ ಮಾಡಿನ ಸಂದಿಯ ಮೂಲಕ ಮನೆಯೊಳಗೆ ಬರುವುದೂ ಇದೇ. ಕೋಳಿಯ ಮೈಯಲ್ಲೇ ಬಿಡಾರ ಹೂಡುವುದರಿಂದ ಇದಕ್ಕೆ ಮೈಗೂ ಉಪಚಾರ ಬೇಕು. ಆದ್ದರಿಂದ ಔಷಧಿ ತರುವ ಮೊದಲು ಒಂದು ರಾತ್ರಿ ಪರೀಕ್ಷೆ ಮಾಡಿಬಿಡಿ.

ರಾತ್ರಿ 9 ಗಂಟೆಯ ನಂತರ ಟಾರ್ಚ್ ಹಿಡಿದು ಗೂಡಿಗೆ ಹೋಗಿ. ಮರ ಹತ್ತದ ಒಂದೆರಡು ಕೋಳಿಯಾದರೂ ಒಳಗೆ ಇರಲಿ. ಕೋಳಿ ಕೂರುವ ಕೋಲಿನ ಅಡಿಭಾಗ, ಕೋಲು ಗೋಡೆಗೆ ಸೇರುವ ಜಾಗ ನೋಡಿ. ಬಿಳಿ ಬಟ್ಟೆಯನ್ನು ಕೋಲಿನ ಅಡಿಗೆ ಒತ್ತಿ ಎಳೆಯಿರಿ. ಕೆಂಪು ಗೆರೆ ಮೂಡಿದರೆ ಸಂಶಯ ಬೇಡ, ಅದು ನಿಮ್ಮ ಕೋಳಿಯದೇ ರಕ್ತ. ಹಗಲು ಅದೇ ಜಾಗದಲ್ಲಿ ಒಳ್ಳೆಮೆಣಸಿನ ಪುಡಿಗೆ ಸುಣ್ಣ ಬೆರೆಸಿ ಚೆಲ್ಲಿದ ಹಾಗೆ ಬೂದುಬಣ್ಣದ ಪುಡಿ ಕಾಣುತ್ತದೆ. ರಾತ್ರಿ ಹೋಗಲು ಹೆದರಿಕೆ, ಹಾವಿನ ಭಯ ಎನ್ನುವವರು ಕಾರ್ಟನ್ ಡಬ್ಬದ ರಟ್ಟನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಕೋಲಿನ ಅಡಿಗೆ ದಾರದಲ್ಲಿ ಕಟ್ಟಿ. ಮೂರು ದಿನ ಬಿಟ್ಟು ಬಿಚ್ಚಿ, ಬಿಳಿ ಕಾಗದದ ಮೇಲೆ ಕೊಡವಿ. ರಟ್ಟಿನ ಸುರುಳಿಯೊಳಗೆ ನುಸಿ ಸೇರಿಕೊಂಡಿರುತ್ತದೆ. ನೋಡಿದ ಮೇಲೆ ರಟ್ಟನ್ನು ಒಲೆಗೆ ಹಾಕಿ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾರ್ಕಳದ ಕಡೆ ಒಂದು ಮನೆಗೆ ಹೋಗಿದ್ದೆ. ಇಪ್ಪತ್ತು ಕೋಳಿಗಳನ್ನು ಒಂದೊಂದಾಗಿ ಹಿಡಿಸಿ, ಪುಕ್ಕದ ಬುಡಕ್ಕೆ ಪುಡಿ ಉಜ್ಜಿಸಿ, ಮಧ್ಯಾಹ್ನ ಅವರ ಮನೆಯಲ್ಲೇ ಊಟ ಮಾಡಿ ಹೆಮ್ಮೆಯಿಂದ ಬಂದೆ. ಮೂರು ವಾರಕ್ಕೆ ಮತ್ತೆ ಅದೇ ಕಥೆ. ಆ ಮನೆಯ ಅಜ್ಜಿ ಕೇಳಿದರು, "ಡಾಕ್ಟ್ರೇ, ನೀವು ಕೋಳಿ ನೋಡಿದಿರಿ, ಗೂಡಿನೊಳಗೆ ತಲೆ ಹಾಕಿದಿರಾ?" ಹಾಕಿರಲಿಲ್ಲ. ಕೆಂಪು ನುಸಿಯಲ್ಲಿ ಯಾವ ಹೊತ್ತಿನಲ್ಲಿ ನೋಡಿದರೂ ಬಹುಪಾಲು ಹುಳ ಗೂಡಿನಲ್ಲೇ ಇರುತ್ತದೆ. ಕೋಳಿಯ ಮೈಗೆ ಎಷ್ಟು ಉಜ್ಜಿದರೂ ಊಟಕ್ಕೆ ಬಂದ ನಾಲ್ಕು ಸಾಯುತ್ತವೆ. ಮನೆಯಲ್ಲಿ ಉಳಿದ ನಾನೂರು ಮಾರನೇ ದಿನ ಬರುತ್ತವೆ.

ನಮ್ಮ ಕರಾವಳಿಯಲ್ಲಿ ಇದು ಯಾಕೆ ಇಷ್ಟು ಜಾಸ್ತಿ? ಒಂದು, ಹವೆ. 20ರಿಂದ 30 ಡಿಗ್ರಿ ಬಿಸಿ, ಜೊತೆಗೆ ತೇವ ಇದ್ದರೆ ನುಸಿಗೆ ಹಬ್ಬ. ನಮ್ಮ ಮಳೆಗಾಲ ಅಂದರೆ ಅದೇ ಅಲ್ವಾ? ಮೊಟ್ಟೆಯಿಂದ ದೊಡ್ಡ ನುಸಿಯಾಗಲು ವಾರ, ಹತ್ತು ದಿನ ಸಾಕು. ಎರಡು, ಗೂಡು. ಮುರಕಲ್ಲು ಮನೆಗೆ ಒಳ್ಳೆಯದು, ತಂಪು. ಆದರೆ ಮೈಯೆಲ್ಲ ತೂತು. ಗಾರೆ ಮಾಡದ ಮುರಕಲ್ಲಿನ ಗೋಡೆ ಎಂದರೆ ನುಸಿಗೆ ನೂರು ಕೋಣೆಯ ಗುತ್ತಿನ ಮನೆ. ಹಿಂದೆ ಊರ ಕೋಳಿಗಳು ಮರದ ಮೇಲೆ, ಇಲ್ಲವೇ ಕವುಚಿ ಹಾಕಿದ ಹೆಡಿಗೆಯಡಿ ಮಲಗುತ್ತಿದ್ದವು. ಜಾಗ ಬದಲಾಗುತ್ತಿತ್ತು, ಹೆಡಿಗೆಗೆ ಬಿಸಿಲು ಬೀಳುತ್ತಿತ್ತು. ಈಗ ಕಾಡುಬೆಕ್ಕು, ಹೆಬ್ಬಾವು, ಬೀದಿನಾಯಿಗೆ ಹೆದರಿ ಭದ್ರವಾದ ಕತ್ತಲೆ ಗೂಡು ಕಟ್ಟುತ್ತೇವೆ. ಕಟ್ಟಬೇಕಾದದ್ದೇ. ಆದರೆ ಆ ಭದ್ರತೆ ನುಸಿಗೂ ಸಿಗುತ್ತದೆ.

ನಿಮಗೆ ಬಂದ ಸಲಹೆಗಳನ್ನು ಒಂದೊಂದಾಗಿ ನೋಡೋಣ.

ಅತ್ತೆಯವರ ಬೂದಿ. ಅದು ಮೂಢನಂಬಿಕೆಯಲ್ಲ. ಒಣ ಬೂದಿ ಹುಳದ ಮೈಯ ಮೇಣವನ್ನು ಕೆರೆದು, ನೀರು ಹೀರಿ ಒಣಗಿಸುತ್ತದೆ. ಕೋಳಿ ತಾನೇ ಹೊರಳಾಡಲು ಮರಳು, ಬೂದಿ ಬೆರೆಸಿದ ಒಂದು ಟಬ್ ಇಟ್ಟರೆ ಮೈಯ ಹೇನು ಎಷ್ಟೋ ಹತೋಟಿಗೆ ಬರುತ್ತದೆ. ಆದರೆ ಅದು ಒಣಗಿರಬೇಕು. ಮಳೆಗಾಲದ ನಮ್ಮ ಬೂದಿ ಎರಡೇ ದಿನಕ್ಕೆ ತೇವ ಎಳೆದು ಮುದ್ದೆಯಾಗುತ್ತದೆ. ಒದ್ದೆ ಬೂದಿ ಕ್ಷಾರ, ಕೋಳಿಯ ಚರ್ಮ ಸುಡುತ್ತದೆ. ಮತ್ತೆ, ಗೋಡೆಯ ತೂತಿನೊಳಗೆ ಮಲಗಿರುವ ನುಸಿಯನ್ನು ಟಬ್ಬಿನ ಬೂದಿ ಹೋಗಿ ಹುಡುಕುವುದಿಲ್ಲ. ಅತ್ತೆಯವರ ಕಾಲದ ಮರದ ಮೇಲಿನ ಕೋಳಿಗೆ ಬೂದಿ ಸಾಕಾಗುತ್ತಿತ್ತು. ಈ ಗೂಡಿಗೆ ಸಾಲದು. ಪೇಟೆಯಲ್ಲಿ ಸಿಗುವ ಡಯಾಟಮ್ ಮಣ್ಣಿನ ಪುಡಿಗೂ ಇದೇ ಮಾತು. ಒಣ ಊರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ತೇವದಲ್ಲಿ ಸೋಲುತ್ತದೆ.

ಬೋರ್ಡೋ. ಅದು ಮೈಲುತುತ್ತ ಮತ್ತು ಸುಣ್ಣ. ಕೊಳೆರೋಗದ ಬೂಷ್ಟಿಗೆ ಮದ್ದು, ನುಸಿಗಲ್ಲ. ಸುಣ್ಣದ ಅಂಶದಿಂದ ಒಂದಿಷ್ಟು ತೂತು ಮುಚ್ಚಿರಬಹುದು, ಅಷ್ಟೇ ಲಾಭ. ನೀಲಿ ನೀರು ಎಲ್ಲಾದರೂ ನಿಂತಿದ್ದರೆ ಚೆಲ್ಲಿ, ಕೋಳಿ ಕುಡಿದರೆ ವಿಷ. ತೋಟಕ್ಕೆ ಬೇರೆ ಬೇರೆ ಔಷಧಿ ಹೊಡೆದ ಪಂಪನ್ನು ಕೋಳಿಗೂಡಿಗೆ ತರುವುದೂ ಬೇಡ. ಹಿಂದಿನ ಸಲ ಅದರಲ್ಲಿ ಏನಿತ್ತು ಎಂದು ಎಷ್ಟು ಜನಕ್ಕೆ ನೆನಪಿರುತ್ತದೆ?

ದನದ ಇಂಜೆಕ್ಷನ್. ಪಕ್ಕದ ಮನೆಯವರು ಹೇಳಿದ್ದು ಐವರ್ಮೆಕ್ಟಿನ್ ಆಗಿರಬೇಕು. ಸ್ವಲ್ಪ ಲೆಕ್ಕ ಹಾಕೋಣ. ಸಾಮಾನ್ಯವಾಗಿ ಸಿಗುವ ಬಾಟಲಿ ಶೇ. 1ರದ್ದು, ಅಂದರೆ 1 ಮಿ.ಲೀ.ನಲ್ಲಿ 10 ಮಿ.ಗ್ರಾಂ. ದನಕ್ಕೆ ಒಂದು ಕೆ.ಜಿ. ತೂಕಕ್ಕೆ 0.2 ಮಿ.ಗ್ರಾಂ. ಲೆಕ್ಕ. ಅದೇ ಲೆಕ್ಕ ಒಂದೂವರೆ ಕೆ.ಜಿ. ಹೇಂಟೆಗೆ ಹಿಡಿದರೆ 0.3 ಮಿ.ಗ್ರಾಂ., ಅಂದರೆ 0.03 ಮಿ.ಲೀ. ಒಂದು ಹನಿಯೇ ಸುಮಾರು 0.05 ಮಿ.ಲೀ. ಇರುತ್ತದೆ. ಎರಡು ಹನಿ ಬಿಟ್ಟರೆ ಮೂರು ಪಟ್ಟಿಗಿಂತ ಜಾಸ್ತಿಯಾಯಿತು. ಇಷ್ಟು ಮಾಡಿಯೂ ಕೆಂಪು ನುಸಿ ಸಾಯುವುದು ಗ್ಯಾರಂಟಿಯಿಲ್ಲ, ಏಕೆಂದರೆ ಅದು ಸ್ವಲ್ಪ ಹೊತ್ತು ಬಂದು ಹೋಗುವ ಗಿರಾಕಿ. ಔಷಧಿ ಮಾತ್ರ ಮೊಟ್ಟೆಗೆ ಇಳಿಯುತ್ತದೆ. ಒಂದು ಹಳದಿ ಬೆಳೆಯಲು ಹತ್ತು ದಿನದಷ್ಟು ಬೇಕು, ಆ ದಿನಗಳಲ್ಲಿ ರಕ್ತದಲ್ಲಿದ್ದದ್ದು ಅದರಲ್ಲಿ ಕೂಡಿಕೊಳ್ಳುತ್ತದೆ. ಕಾಲಿನ ನುಸಿಗೆ ವೈದ್ಯರು ತೂಕ ನೋಡಿ ಇದನ್ನು ಕೊಡುವುದುಂಟು. ಆಗ ನಾನು ಮೂರು ವಾರ ಮೊಟ್ಟೆ ತಿನ್ನಬೇಡಿ ಎನ್ನುತ್ತಿದ್ದೆ.

ನಾಯಿಗೆ ಉಣುಗಿಗೆ ಕೊಡುವ ಮಾತ್ರೆ ಪುಡಿ ಮಾಡಿ ನೀರಿಗೆ ಹಾಕಿದವರೂ ಇದ್ದಾರೆ. ಯುರೋಪಿನಲ್ಲಿ 2017ರಲ್ಲಿ ಕೋಳಿಯ ಕೆಂಪು ನುಸಿಗೆಂದೇ ಫ್ಲುರಲಾನರ್ ಎಂಬ ಕುಡಿಯುವ ನೀರಿನ ಔಷಧಿಗೆ ಒಪ್ಪಿಗೆ ಸಿಕ್ಕಿತು. ಏಳು ದಿನದ ಅಂತರದಲ್ಲಿ ಎರಡು ಸಲ ಕೊಡುವುದು, ನುಸಿಗೆ ಒಳ್ಳೆಯ ಪರಿಣಾಮ. ನಾಯಿಯ ಒಂದು ಮಾತ್ರೆಯಲ್ಲೂ ಅದೇ ಮೂಲವಸ್ತು ಇರುವುದರಿಂದ ಈ ಯೋಚನೆ ಹುಟ್ಟಿದ್ದು. ಆದರೆ ಆ ಮಾತ್ರೆ ನೀರಿನಲ್ಲಿ ಕರಗುವಂಥದ್ದಲ್ಲ, ಯಾವ ಕೋಳಿಗೆ ಎಷ್ಟು ಹೋಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಬೇಡ.

ಗೊಬ್ಬರದಂಗಡಿಯ ಬಾಟಲಿ. ಹೆದರಿ ಹೊಡೆಯದೆ ಇಟ್ಟಿರಲ್ಲ, ಒಳ್ಳೆಯದಾಯಿತು. ಅದರ ಚೀಟಿಯಲ್ಲಿ ಬಣ್ಣದ ಗುರುತು ಇರುತ್ತದೆ ನೋಡಿ. ಕೆಂಪು ಅತಿ ಘೋರ ವಿಷ, ಹಳದಿ ಅದರ ನಂತರದ್ದು, ಆಮೇಲೆ ನೀಲಿ, ಕೊನೆಗೆ ಹಸಿರು. ಗುರುತು ಯಾವ ಬಣ್ಣದ್ದಾದರೂ ಗಿಡಕ್ಕೆಂದು ಮಾಡಿದ್ದನ್ನು ಮೊಟ್ಟೆ ಇಡುವ ಕೋಳಿಯ ಗೂಡಿಗೆ ಹೊಡೆಯಬಾರದು. 2017ರಲ್ಲೇ ನೆದರ್ಲೆಂಡ್ಸ್, ಬೆಲ್ಜಿಯಂಗಳಲ್ಲಿ ಇದೇ ಕೆಂಪು ನುಸಿಗೆಂದು ಹೊಡೆದ ದ್ರಾವಣದಲ್ಲಿ, ಮೊಟ್ಟೆಯ ಕೋಳಿಗೆ ಬಳಸಬಾರದ ಫಿಪ್ರೊನಿಲ್ ಎಂಬ ಕೀಟನಾಶಕ ಸೇರಿಸಿದ್ದು ಬಯಲಾಗಿ, ಲಕ್ಷಗಟ್ಟಲೆ ಮೊಟ್ಟೆಗಳನ್ನು ಅಂಗಡಿಯಿಂದ ವಾಪಸು ತೆಗೆಯಬೇಕಾಯಿತು. ಹಳಬರು ಗಮಾಕ್ಸಿನ್ ಪುಡಿಯನ್ನು ನೆನಪು ಮಾಡುತ್ತಾರೆ. ಅದು ನಿಷೇಧವಾಗಿ ಎಷ್ಟೋ ವರ್ಷವಾಯಿತು, ಎಲ್ಲಾದರೂ ಅಟ್ಟದಲ್ಲಿ ಉಳಿದಿದ್ದರೂ ಮುಟ್ಟಬೇಡಿ. ಎಂಡೋಸಲ್ಫಾನ್ ಕಂಡ ಊರು ನಮ್ಮದು. ಹೆಚ್ಚು ಹೇಳುವುದು ಬೇಡ.

ಇನ್ನು ನೀವು ಕೇಳದ ಒಂದು. ಸೀಮೆಎಣ್ಣೆ. ಹುಂಜದ ಕಾಲಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಚರ್ಮ ಸುಡುತ್ತದೆ, ಬೇಡ.

ಹಾಗಾದರೆ ಮಾಡುವುದೇನು? ಗೂಡು ಕೆಡವಬೇಕಿಲ್ಲ. ಕೋಳಿ ಮಾರಿ ಗೂಡು ಖಾಲಿ ಬಿಟ್ಟರೆ ಸಾಯುತ್ತವೆ ಎಂಬ ನಂಬಿಕೆಯೂ ಇದೆ. ತಂಪು ಜಾಗದಲ್ಲಿ ಈ ನುಸಿ ಊಟವಿಲ್ಲದೆ ಎಂಟು ತಿಂಗಳವರೆಗೂ ಬದುಕಿದ್ದುಂಟು. ನಮ್ಮ ಸೆಕೆಯಲ್ಲಿ ಅಷ್ಟು ಬಾಳದಿದ್ದರೂ ಒಂದು ತಿಂಗಳ ಖಾಲಿ ಗೂಡನ್ನು ನಾನು ನಂಬುವುದಿಲ್ಲ.

ಸೋಣದಲ್ಲಿ, ಅಂದರೆ ಆಗಸ್ಟ್-ಸೆಪ್ಟೆಂಬರಿನಲ್ಲಿ, ಮಳೆ ಬಿಟ್ಟು ಎರಡು ದಿನ ಬಿಸಿಲು ಬರುತ್ತದಲ್ಲ, ಅದಕ್ಕೆ ಕಾಯಿರಿ. ಅಷ್ಟರೊಳಗೆ ಕೋಳಿಗಳಿಗೆ ಮೂರು ವಾರದ ಬೇರೆ ಬಿಡಾರ ಮಾಡಿ. ಶೀಟಿನ ಅಡಿಯಲ್ಲಿ, ಹಳೆ ಗೂಡಿನಿಂದ ದೂರ, ನಾಲ್ಕು ಕಾಲಿನ ಒಂದು ಹೊಸ ಕೋಲುಮಂಚ. ಸುತ್ತ ಬಲೆ. ಮಂಚದ ಕಾಲುಗಳನ್ನು ಎಣ್ಣೆ ಹಾಕಿದ ಡಬ್ಬದಲ್ಲಿ ನಿಲ್ಲಿಸಿ. ನುಸಿಗೆ ಹಾರಲು ಬರುವುದಿಲ್ಲ, ಹತ್ತಲೇಬೇಕು. ಚಿರತೆಯ ಕಾಟ ಇಲ್ಲದ ಕಡೆಯಾದರೆ ಹಲಸಿನ ಮರವೂ ಆದೀತು, ನಾನಂತೂ ಬೇಡ ಎನ್ನುವುದಿಲ್ಲ.

ಆಮೇಲೆ ಗೂಡನ್ನು ಪೂರ್ತಿ ಖಾಲಿ ಮಾಡಿ. ಬೈಹುಲ್ಲು, ತರಗೆಲೆ, ಕಾವಿನ ಹೆಡಿಗೆ, ಹಳೆ ಕೋಲು ಎಲ್ಲ ಸುಟ್ಟುಬಿಡಿ. ಹೆಡಿಗೆ ಚೆನ್ನಾಗಿದೆ ಎಂದು ಮನಸ್ಸು ಎಳೆಯುತ್ತದೆ, ಎಳೆಯಲಿ. ಹಿಡಿಸೂಡಿಯಿಂದ ಮೂಲೆ ಮೂಲೆ ಗುಡಿಸಿ. ಬಚ್ಚಲಿನ ಹಂಡೆಯಲ್ಲಿ ನೀರನ್ನು ಕೊತಕೊತ ಕುದಿಸಿ, ಬಟ್ಟೆಸೋಪಿನ ಪುಡಿ ಹಾಕಿ, ಗೋಡೆಯ ಮೇಲಿನಿಂದ ಕೆಳಕ್ಕೆ ಪ್ರತಿ ತೂತಿಗೂ ಬೀಳುವ ಹಾಗೆ ಹೊಯ್ಯಿರಿ. ಇಡೀ ಉಪಚಾರದಲ್ಲಿ ಹೆಚ್ಚು ಕೆಲಸ ಮಾಡುವುದು ಈ ಬಿಸಿನೀರು, ಖರ್ಚಿಲ್ಲದ್ದು ಕೂಡ. ಬಿಸಿಗೆ ಹುಳವೂ ಸಾಯುತ್ತದೆ, ಮೊಟ್ಟೆಯೂ ಸಾಯುತ್ತದೆ. ಔಷಧಿಗೆ ಮೊಟ್ಟೆ ಸಾಯುವುದು ಕಮ್ಮಿ. ಕೆಲವರು ಗ್ಯಾಸ್ ಟಾರ್ಚಿನಿಂದ ಗೋಡೆ ಸುಡುತ್ತಾರೆ, ಮುರಕಲ್ಲಿಗೆ ಅದು ಒಳ್ಳೆಯದೇ. ನಿಮ್ಮ ಗೂಡು ಹಟ್ಟಿಗೆ ತಾಗಿದೆ, ಅಲ್ಲಿ ಹುಲ್ಲು ಇರುತ್ತದೆ. ನಿಮಗೆ ಬೇಡ.

ಗೋಡೆ ಒಣಗಿದ ಮೇಲೆ ಔಷಧಿ. ಇಲ್ಲಿ ಎರಡು ದಾರಿ. ಮೊದಲನೆಯದು ಬೇವಿನ ಎಣ್ಣೆ. ಒಂದು ಲೀಟರ್ ನೀರಿಗೆ 20 ಮಿ.ಲೀ. ಎಣ್ಣೆ, ಎರಡೂ ಬೆರೆಯಲು ಒಂದು ಚಮಚ ಸೋಪಿನ ದ್ರಾವಣ. ಅಪಾಯ ಕಡಿಮೆ, ಬಲವೂ ಕಡಿಮೆ. ವಾರಕ್ಕೊಮ್ಮೆ ಬಿಡದೆ ಹೊಡೆಯುವ ತಾಳ್ಮೆ ಬೇಕು. ಎರಡನೆಯದು ಪಶು ಔಷಧಿ ಅಂಗಡಿಯಲ್ಲಿ ಸಿಗುವ ಡೆಲ್ಟಾಮೆಥ್ರಿನ್ ಅಥವಾ ಸೈಪರ್ಮೆಥ್ರಿನ್, ಖಾಲಿ ಗೂಡಿನ ಗೋಡೆಗೆ ಮಾತ್ರ. ಲೀಟರಿಗೆ ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಬಾಟಲಿಯಿಂದ ಬಾಟಲಿಗೆ ಶೇಕಡಾವಾರು ಬೇರೆ. ಚೀಟಿಯಲ್ಲಿದ್ದ ಹಾಗೆ, ಪಶುವೈದ್ಯರು ಹೇಳಿದ ಹಾಗೆ ಮಾಡಿ. ಮೂಗಿಗೆ ಬಟ್ಟೆ, ಕೈಗೆ ಗ್ಲೌಸ್. ಉಳಿದ ನೀರನ್ನು ತೋಡಿಗೆ, ಕೆರೆಗೆ ಚೆಲ್ಲಿದರೆ ಮೀನು ಉಳಿಯುವುದಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಒಣಗುವವರೆಗೆ ದೂರ ಇಡಿ. ಈ ಜಾತಿಯ ಔಷಧಿಗಳು ಬೆಕ್ಕಿಗೆ ಕೋಳಿಗಿಂತ ಜಾಸ್ತಿ ವಿಷ. ಎಷ್ಟೋ ದೇಶಗಳಲ್ಲಿ ನುಸಿ ಈ ಔಷಧಿಗಳಿಗೆ ಜಗ್ಗದ ಹಾಗಾಗಿದೆ. ಎರಡು ಸಲ ಹೊಡೆದೂ ಬಟ್ಟೆಯಲ್ಲಿ ಕೆಂಪು ಗೆರೆ ಬಂದರೆ ಪ್ರಮಾಣ ಏರಿಸಬೇಡಿ, ಔಷಧಿಯ ಜಾತಿ ಬದಲಿಸಲು ಕೇಳಿ.

ಏಳನೇ ದಿನ ಮತ್ತೆ, ಹದಿನಾಲ್ಕನೇ ದಿನ ಮತ್ತೆ. ಜನ ಸೋಲುವುದು ಇಲ್ಲೇ. ಮೊದಲ ಸಲ ಹೊಡೆದಾಗ ಮೊಟ್ಟೆಯಲ್ಲಿದ್ದವು ವಾರದಲ್ಲಿ ಒಡೆದು ಬರುತ್ತವೆ. ಅವು ಮೊಟ್ಟೆ ಇಡುವ ಮೊದಲೇ ಹಿಡಿಯಬೇಕು.

ಕೊನೆಗೆ ಗೋಡೆಯ ಒಳಮೈಗೆ ಸಿಮೆಂಟ್ ಗಾರೆ ಮಾಡಿಸಿ, ಮೇಲೆ ದಪ್ಪಗೆ ಸುಣ್ಣ ಬಳಿಯಿರಿ. ಚಿಪ್ಪಿನ ಸುಣ್ಣ ಸಿಕ್ಕಿದರೆ ಅದೇ ಆಗಲಿ. ಗಾರೆಗೆ ಒಂದು ದಿನದ ಮೇಸ್ತ್ರಿ ಸಂಬಳ ಹೋಗುತ್ತದೆ. ವರ್ಷ ವರ್ಷ ಔಷಧಿ ತರುವುದಕ್ಕಿಂತ ಅದು ಅಗ್ಗ. ಕೂರುವ ಕೋಲು ಗೋಡೆಗೆ ಹುಗಿದಿರಬಾರದು, ಎತ್ತಿ ಹೊರಗೆ ಬಿಸಿಲಿಗೆ ಇಡುವಂತಿರಬೇಕು. ತೊಗಟೆ ಕೆತ್ತಿದ, ಬಿರುಕಿಲ್ಲದ ಕೋಲು ಹಾಕಿ.

ಕೋಳಿಯ ಮೈಗೆ? ಬಾಲದಡಿ ಕಪ್ಪಾಗಿರುವ ಕೋಳಿ ಇದ್ದರೆ ಮಾತ್ರ. ಹೊರಳಾಡುವ ಟಬ್ಬಿನ ಒಣ ಮರಳು, ಬೂದಿಗೆ ಒಂದೆರಡು ಹಿಡಿ ಗಂಧಕದ ಪುಡಿ ಬೆರೆಸಿ. ಮೈಯಲ್ಲಿರುವ ನುಸಿಗೆ ಗಂಧಕ ಹಳೆಯ ಮದ್ದು, ಈಗಲೂ ಒಳ್ಳೆಯ ಮದ್ದು. ಬೆರೆಸುವಾಗ ಕಣ್ಣಿಗೆ, ಮೂಗಿಗೆ ಹೋಗದಂತೆ ನೋಡಿ. ಟಬ್ ಮಳೆ ಬೀಳದ ಕಡೆ ಇರಲಿ. ಕೋಳಿಯನ್ನು ಬಕೆಟಿನಲ್ಲಿ ಅದ್ದಿ ತೆಗೆಯುವುದು ಈ ಹವೆಯಲ್ಲಿ ಬೇಡವೇ ಬೇಡ. ನುಸಿಯಿಂದ ಉಳಿದದ್ದು ಚಳಿಯಿಂದ ಸಾಯುತ್ತದೆ.

ಹುಂಜದ ಕಾಲು ಬೇರೆಯೇ ನುಸಿ. ಅದು ಕಾಲಿನ ಹುರುಪೆಯ ಅಡಿಗೆ ಕೊರೆದು ಕೂರುತ್ತದೆ. ಬಿಸಿನೀರು, ಸೋಪಿನಲ್ಲಿ ಹತ್ತು ನಿಮಿಷ ಕಾಲು ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಒರಸಿ, ತೆಂಗಿನೆಣ್ಣೆಯನ್ನೋ ವ್ಯಾಸಲೀನನ್ನೋ ದಪ್ಪಗೆ ಹಚ್ಚಿ. ಎಣ್ಣೆಗೆ ನುಸಿ ಉಸಿರುಕಟ್ಟಿ ಸಾಯುತ್ತದೆ. ಎರಡು ಮೂರು ದಿನಕ್ಕೊಮ್ಮೆ, ನಾಲ್ಕು ವಾರ. ಹುರುಪೆಯನ್ನು ಕಿತ್ತರೆ ರಕ್ತ ಬರುತ್ತದೆ, ಕೀಳಬೇಡಿ, ತಾನೇ ಉದುರುತ್ತದೆ. ಉಳಿದ ಕೋಳಿಗಳ ಕಾಲನ್ನೂ ಒಮ್ಮೆ ನೋಡಿಬಿಡಿ.

ಮೊಟ್ಟೆ ತಿನ್ನಬಹುದು. ಇದುವರೆಗೆ ನೀವು ಕೋಳಿಗೆ ಏನೂ ಕೊಟ್ಟಿಲ್ಲ. ಚಿಪ್ಪಿನ ಮೇಲೆ ಸಣ್ಣ ಕೆಂಪು ಚುಕ್ಕೆ ಕಂಡರೆ ಅದು ಜಜ್ಜಿಹೋದ ನುಸಿ. ಒರಸಿ, ಬೇಯಿಸಿ ತಿನ್ನಿ. ಮೊಟ್ಟೆ ಇಡುವ ಸಂಖ್ಯೆ ಮಾತ್ರ ಗೂಡು ಸರಿಯಾದ ಮರುದಿನವೇ ಏರುವುದಿಲ್ಲ. ಹೋದ ರಕ್ತ ಮರಳಿ ಬರಲು ವಾರಗಳು ಬೇಕು. ಜುಟ್ಟು ಬಿಳಿಚಿದ ಕೋಳಿಗಳಿಗೆ ನುಗ್ಗೆಸೊಪ್ಪು, ಬೇಯಿಸಿದ ಬೂತಾಯಿ ಮೀನಿನ ತಲೆ ಕೊಡಿ. ಮೀನು ಅತಿಯಾದರೆ ಮೊಟ್ಟೆ ವಾಸನೆ ಬರುತ್ತದೆ ಎಂದು ಆಮೇಲೆ ನನ್ನನ್ನು ಬೈಯಬೇಡಿ. ಕೋಳಿ ತೂಕಡಿಸಿ, ಹಸಿರು ಹಿಕ್ಕೆ ಹಾಕಿ, ಒಂದರ ಹಿಂದೆ ಒಂದು ಸತ್ತರೆ ಮಾತ್ರ ನುಸಿಯ ಲೆಕ್ಕ ಬಿಟ್ಟುಬಿಡಿ. ಅದು ಕೊಕ್ಕರೆ ರೋಗ ಇರಬಹುದು, ಕೋಳಿ ಉಣುಗಿನಿಂದ ಬರುವ ಜ್ವರವೂ ಇರಬಹುದು. ತಡಮಾಡದೆ ಪಶು ಆಸ್ಪತ್ರೆಗೆ ತಿಳಿಸಿ, ಅಥವಾ 1962ಕ್ಕೆ ಫೋನ್ ಮಾಡಿ.

ಮುಂದಿನ ಸಲ ಕಾವಿಗೆ ಕೂರಿಸುವಾಗ ಹಳೆ ಹುಲ್ಲು ಬೇಡ. ಹೊಸ ಹೆಡಿಗೆ, ಬಿಸಿಲಲ್ಲಿ ಒಣಗಿಸಿದ ಹುಲ್ಲು. ಅಡಿಗೆ ನಾಲ್ಕು ನೆಕ್ಕಿ (ಲಕ್ಕಿ) ಸೊಪ್ಪು ಹಾಕುವ ಪದ್ಧತಿ ನಮ್ಮಲ್ಲಿದೆ, ಹಾಕಿ. ವಾಸನೆಗೆ ಹುಳ ದೂರ ಸರಿಯುತ್ತದೆ. ಬಂದು ಸೇರಿಕೊಂಡದ್ದನ್ನು ಅದು ಕೊಲ್ಲುವುದಿಲ್ಲ. ಏಳನೇ ದಿನ ಹೇಂಟೆ ತಿನ್ನಲು ಎದ್ದಾಗ ಹುಲ್ಲಿನ ಒಂದು ಹಿಡಿಯನ್ನು ಬಿಳಿ ಕಾಗದದ ಮೇಲೆ ಕೊಡವಿ ನೋಡಿ.

ಒಂದು ಪ್ರಶ್ನೆ ನನ್ನಿಂದ ನಿಮಗೆ. ಆಟಿಗೆ ಮೊದಲು ಮನೆಗೆ ಹೊಸ ಕೋಳಿ ಏನಾದರೂ ಬಂದಿತ್ತಾ? ಸಂತೆಯಿಂದ ತಂದದ್ದು, ನೆಂಟರು ಕೊಟ್ಟದ್ದು, ಅಥವಾ ಯಾರದೋ ಕೋಳಿ ಅಂಕದಿಂದ, ಅಂದರೆ ಕೋಳಿ ಕಾಳಗದಿಂದ, ವಾಪಸಾದ ಹುಂಜ? ಅಂಕ ಕಾನೂನಿಗೆ ವಿರುದ್ಧ ಎಂಬುದು ನಿಮಗೂ ಗೊತ್ತು, ಅದು ಬೇರೆ ಮಾತು. ನಾಲ್ಕು ಊರಿನ ಹುಂಜಗಳು ಒಂದೇ ಕಡೆ ಸೇರಿದರೆ ನಾಲ್ಕು ಊರಿನ ನುಸಿಯೂ ಸೇರುತ್ತದೆ. ಕಾಲು ದಪ್ಪವಾದ ಆ ಹುಂಜ ಎಲ್ಲಿಂದ ಬಂತು ಎಂದು ಯಜಮಾನರನ್ನು ಸುಮ್ನೆ ಒಮ್ಮೆ ಕೇಳಿ ನೋಡಿ. ಇನ್ನು ಮುಂದೆ ಹೊಸ ಕೋಳಿ ಯಾವುದೇ ಬರಲಿ, ಮೂರು ವಾರ ಮನೆಯ ಇನ್ನೊಂದು ಬದಿಯಲ್ಲಿ ಬೇರೆ ಹೆಡಿಗೆಯಡಿ ಇರಲಿ. ಆ ಹೆಡಿಗೆಯನ್ನು ಆಮೇಲೆ ಗೂಡಿನ ಹತ್ತಿರ ತರಬೇಡಿ.